ಕಾಂಟ್ರಾಕ್ಟರ್ ಟೇಬಲ್ ಸಾ: ಬ್ಲೇಡ್ ಸರಿ ಮಾಡಿ ಬೋಲ್ಟ್ ಬಿಗಿದ ಕೂಡಲೇ ಮತ್ತೆ ಸರಿಯುತ್ತದೆ, ಹೊಂದಿಸುವ ಬ್ರಾಕೆಟ್ ಹಾಕಿದವರು ಇದ್ದೀರಾ?

ಹಲಗೆಪ್ರಿಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನನ್ನದು 10 ಇಂಚಿನ ಹಳೇ ಕಾಂಟ್ರಾಕ್ಟರ್ ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ಬ್ಲೇಡ್ ಮೇಲೆ ಬಂದಿರುವ ಗರಗಸ. ಎರಕದ ಟೇಬಲ್. ಮೋಟರ್ ಹಿಂದೆ ನೇತಾಡುತ್ತದೆ, ಬೆಲ್ಟ್‌ನಿಂದ ಬ್ಲೇಡ್ ತಿರುಗುತ್ತದೆ. ಫೆನ್ಸ್ (ಮರ ಒರಗಿಸಿ ತಳ್ಳುವ ಉದ್ದ ಪಟ್ಟಿ) ಬ್ಲೇಡ್‌ನ ಬಲಗಡೆ ಇಟ್ಟುಕೊಂಡು ಗಟ್ಟಿ ಮರ ಸೀಳಿದರೆ ಫೆನ್ಸ್ ಕಡೆಯ ತುಂಡಿನ ಅಂಚು ಕಪ್ಪಗೆ ಸುಟ್ಟು ಬರುತ್ತದೆ. ಹೊಸ ಬ್ಲೇಡ್ ಹಾಕಿದೆ, ಸುಡುವುದು ನಿಲ್ಲಲಿಲ್ಲ. ಮೊನ್ನೆ ಒಂದು ಹಲಗೆ ಕೊನೆಯಲ್ಲಿ ಮೇಲಕ್ಕೆ ಎದ್ದು ನನ್ನ ಕಡೆಗೇ ನೂಕಿತು. ಏಟಾಗಲಿಲ್ಲ, ಆದರೆ ಅವತ್ತಿನಿಂದ ಸ್ವಿಚ್ ಹಾಕಲು ಕೈ ಹಿಂಜರಿಯುತ್ತಿದೆ.

ಬ್ಲೇಡ್ ಮೈಟರ್ ಸ್ಲಾಟ್‌ಗೆ (ಅಡ್ಡ ಕೊಯ್ಯುವ ಮೈಟರ್ ಗೇಜ್ ಜಾರಲು ಟೇಬಲ್ ಮೇಲಿರುವ ಉದ್ದ ಗಾಡು) ಸಮಾನಾಂತರವಾಗಿಲ್ಲ ಅಂತ ಗೊತ್ತಾಯಿತು. ಕೆಳಗೆ ಬಗ್ಗಿ ಹಿಂದಿನ ಟ್ರನಿಯನ್ (ಬ್ಲೇಡ್ ಜೋಡಣೆಯನ್ನು ಹಿಡಿದಿಟ್ಟು ಬಾಗಲು ಬಿಡುವ ಎರಕದ ತುಂಡು) ಬೋಲ್ಟ್ ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿ ಮಾಡಿದೆ. ಬೋಲ್ಟ್ ಬಿಗಿದೆ, ಮತ್ತೆ ಸರಿಯಿತು. ಹೀಗೆ ಎರಡು ಭಾನುವಾರ ಹೋದವು. ಈಗ ಹಿಂದಿನ ಟ್ರನಿಯನ್‌ಗೆ ಹಾಕುವ ಎರಡು ಬ್ರಾಕೆಟ್ ತರಿಸಿದ್ದೇನೆ, ಪಕ್ಕದಿಂದ ಸ್ಕ್ರೂ ತಿರುಗಿಸಿ ತಳ್ಳುವ ತರಹದ್ದು. ಹಾಕಿದವರು ಯಾರಾದರೂ ಇದ್ದರೆ ಕ್ರಮ ಹೇಳಿ. ಡಯಲ್ ಗೇಜ್‌ನಲ್ಲಿ (ಸಣ್ಣ ಅಂತರವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ನೋಡಿದರೆ ಬ್ಲೇಡ್‌ನ ಹಿಂದಿನ ತುದಿ ಫೆನ್ಸ್ ಕಡೆಗೆ 0.40 ಮಿ.ಮೀ. ಜಾಸ್ತಿ ಇದೆ.

ಕೀಸುಳಿ

ಬ್ರಾಕೆಟ್ ಪೆಟ್ಟಿಗೆ ಒಡೆಯುವ ಮೊದಲು ಒಂದು ಪ್ರಶ್ನೆ. ಆ 0.40 ಹೇಗೆ ಅಳೆದಿರಿ? ಮುಂದೆ ಒಂದು ಹಲ್ಲು, ಹಿಂದೆ ಇನ್ನೊಂದು ಹಲ್ಲು ಮುಟ್ಟಿಸಿ ನೋಡಿದಿರಾ, ಅಥವಾ ಒಂದೇ ಹಲ್ಲನ್ನು ಮುಂದಿನಿಂದ ಹಿಂದಕ್ಕೆ ತಿರುಗಿಸಿ ನೋಡಿದಿರಾ?

ಹಲಗೆಪ್ರಿಯ

ಬ್ಲೇಡ್ ಅಲ್ಲಾಡಿಸಲಿಲ್ಲ ಸರ್. ಗೇಜನ್ನು ಮಾತ್ರ ಮುಂದಿನಿಂದ ಹಿಂದಕ್ಕೆ ಸರಿಸಿದೆ.

ಕೀಸುಳಿ

ಹಾಗಾದರೆ ಆ 0.40ರಲ್ಲಿ ಎರಡು ತಪ್ಪು ಬೆರೆತಿವೆ. ಯಾವ ಬ್ಲೇಡೂ ಪೂರ್ತಿ ಚಪ್ಪಟೆ ಇರುವುದಿಲ್ಲ. ಬ್ಲೇಡ್ ಕೂರುವ ದಂಡದ (ಆರ್ಬರ್) ಮೇಲಿನ ಬಿಲ್ಲೆ, ಅಂದರೆ ಫ್ಲ್ಯಾಂಜ್‌ನಲ್ಲೂ ಸ್ವಲ್ಪ ಓಲಾಟ ಇರುತ್ತದೆ. ನೀವು ಬ್ಲೇಡ್‌ನ ಎರಡು ಬೇರೆ ಜಾಗ ಅಳೆದಿದ್ದೀರಿ. ಅದರಲ್ಲಿ ಬ್ಲೇಡ್ ಎಷ್ಟು ಸೊಟ್ಟ, ನಿಂತಿರುವ ದಿಕ್ಕು ಎಷ್ಟು ಸೊಟ್ಟ ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

ಹೀಗೆ ಮಾಡಿ. ಮೊದಲು ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಕಡೆ ಇಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಬ್ಲೇಡ್ ಪೂರ್ತಿ ಮೇಲಕ್ಕೆ ಎತ್ತಿ. ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಆ ಹಲ್ಲನ್ನು ಮುಂದೆ, ಟೇಬಲ್‌ಗಿಂತ ಸ್ವಲ್ಪ ಮೇಲೆ ತಂದು ನಿಲ್ಲಿಸಿ. ಗೇಜ್‌ನ ಮೂತಿ ಹಲ್ಲಿನ ಪಕ್ಕದ ಉಕ್ಕಿನ ಮೈಗೆ ತಾಗಲಿ, ಕಾರ್ಬೈಡ್ ತುದಿಗೆ ಬೇಡ. ಸೊನ್ನೆ ಮಾಡಿ. ಆಮೇಲೆ ಅದೇ ಹಲ್ಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಅಷ್ಟೇ ಎತ್ತರದಲ್ಲಿ ನಿಲ್ಲಿಸಿ, ಗೇಜ್ ಹಿಂದಕ್ಕೆ ಒಯ್ದು ಓದಿ. ಈಗ ಬ್ಲೇಡ್ ಎಷ್ಟೇ ಸೊಟ್ಟ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಎರಡೂ ಕಡೆ ಮುಟ್ಟಿದ್ದು ಒಂದೇ ಜಾಗ.

ಇನ್ನೊಂದು ಮಾತು. ಗೇಜ್ ಕೂರಿಸಿದ ಪಟ್ಟಿ ಮೈಟರ್ ಸ್ಲಾಟ್‌ನಲ್ಲಿ ಅಲ್ಲಾಡುತ್ತದಾ ನೋಡಿ. ಅಲ್ಲಾಡಿದರೆ ಎರಡೂ ಸಲ ಸ್ಲಾಟ್‌ನ ಒಂದೇ ಗೋಡೆಗೆ ಒತ್ತಿ ಹಿಡಿದು ಸರಿಸಿ. ಮೂರು ಸಲ ಅಳೆದು ಮೂರೂ ಸಲ ಒಂದೇ ಉತ್ತರ ಬರಬೇಕು. ಅಲ್ಲಿಯವರೆಗೆ ಒಂದು ಬೋಲ್ಟನ್ನೂ ಮುಟ್ಟಬೇಡಿ.

ಮರದಹೊಟ್ಟು

ಡಯಲ್ ಗೇಜ್ ಇಲ್ಲದವರು ಏನು ಮಾಡಬೇಕು? ನನ್ನ ಹತ್ತಿರ ಮೂಲೆಮಟ್ಟ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು) ಬಿಟ್ಟರೆ ಬೇರೆ ಏನೂ ಇಲ್ಲ.

ಬಾಚಿಉಳಿ

ಅಷ್ಟು ಸಾಕು. ಮೈಟರ್ ಗೇಜ್‌ಗೆ ಒಂದು ಮರದ ತುಂಡು ಕ್ಲ್ಯಾಂಪ್ ಮಾಡಿ. ಅದರ ತುದಿಗೆ ಗುಂಡು ತಲೆಯ ಹಿತ್ತಾಳೆ ಸ್ಕ್ರೂ ಹಾಕಿ, ತಲೆ ಗುರುತು ಮಾಡಿದ ಹಲ್ಲಿಗೆ ತಾಗುವ ಹಾಗೆ. ಮುಂದೆ ಸ್ಕ್ರೂ ಈಗಷ್ಟೇ ಸವರುವಂತೆ ತಿರುಗಿಸಿ. ಹಲ್ಲು ಹಿಂದಕ್ಕೆ ತಂದು ಅದೇ ಸ್ಕ್ರೂ ಮುಟ್ಟಿಸಿ. ಸಂದಿ ಇದ್ದರೆ ಫೀಲರ್ ಗೇಜ್ ತೂರಿಸಿ ನೋಡಿ. ಬರೀ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಮುಂದೆ 'ಟಿಕ್' ಅಂತ ತಾಗಿ, ಹಿಂದೆ ಕರ್ರ್ ಅಂತ ಗೀಚಿದರೆ ಹಿಂದಿನ ತುದಿ ಆ ಕಡೆಗೆ ವಾಲಿದೆ ಅಂತ ಅರ್ಥ. ಪ್ರಿಂಟರ್ ಕಾಗದದ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಹಿಂದೆ ಒಂದು ಹಾಳೆಯೂ ತೂರದಷ್ಟು ಹತ್ತಿರ ಬಂದರೆ ಮನೆಗೆಲಸಕ್ಕೆ ಧಾರಾಳ.

ಹಲಗೆಪ್ರಿಯ ಅವರಿಗೆ ಒಂದು ಮಾತು. ದುಡ್ಡು ಕೊಟ್ಟು ಬ್ರಾಕೆಟ್ ತರಿಸುವ ಅಗತ್ಯ ಇತ್ತಾ ಅಂತ ನನ್ನ ಅನುಮಾನ. ಬಿಗಿಯುವಾಗ ಸರಿಯಲು ಕಾರಣ ಬೋಲ್ಟ್ ತಲೆಯ ಕೆಳಗಿನ ಸ್ಪ್ರಿಂಗ್ ವಾಷರ್. ಅದರ ಚೂಪು ತುದಿ ಎರಕವನ್ನು ಕಚ್ಚಿ, ಬೋಲ್ಟ್ ತಿರುಗಿದ ಕಡೆಗೆ ಟ್ರನಿಯನ್ನನ್ನೂ ಎಳೆದುಕೊಂಡು ಹೋಗುತ್ತದೆ. ಅದರ ಕೆಳಗೆ ದಪ್ಪ ಚಪ್ಪಟೆ ವಾಷರ್ ಹಾಕಿ, ಒಂದು ಹನಿ ಎಣ್ಣೆ ಬಿಡಿ. ಎರಡು ಬೋಲ್ಟನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೆ ಒಂದು ಬಿಗಿಯಿರಿ. ನಾನು ಇಷ್ಟರಲ್ಲೇ ಕೆಲಸ ಮುಗಿಸಿದ್ದೇನೆ.

ಲೇಥ್‌ಕೋಣೆ

ವಾಷರ್ ಮಾತು ನೂರಕ್ಕೆ ನೂರು ಸರಿ. ಬ್ರಾಕೆಟ್ ಹಾಕುವವರೂ ಅದನ್ನು ಮಾಡಲೇಬೇಕು. ಆದರೆ ಬ್ರಾಕೆಟ್ ದಂಡ ಅಂತ ನಾನು ಒಪ್ಪುವುದಿಲ್ಲ. ಸುತ್ತಿಗೆಗೆ ಇಷ್ಟೇ ಸಾಕು ಅಂತ ಗೊತ್ತಾಗುವುದಿಲ್ಲ, ಸ್ಕ್ರೂಗೆ ಗೊತ್ತಾಗುತ್ತದೆ. ಮುಖ್ಯವಾದ ಕಾರಣ ಅದೊಂದೇ.

ಈ ಯಂತ್ರದ ಹೊಟ್ಟೆಯೊಳಗೆ ಏನಿದೆ ಅಂತ ಹೊಸಬರಿಗಾಗಿ ಹೇಳುತ್ತೇನೆ. ಕ್ಯಾಬಿನೆಟ್ ಸಾ ಆದರೆ ಟ್ರನಿಯನ್ ಕೆಳಗಿನ ಪೆಟ್ಟಿಗೆಗೆ ಕೂತಿರುತ್ತದೆ. ಅಲ್ಲಿ ಮೇಲಿನ ಟೇಬಲ್ ಬೋಲ್ಟ್ ಸಡಿಲಿಸಿ ಟೇಬಲನ್ನೇ ತಿರುಗಿಸಿದರೆ ಆಯಿತು, ಸುಲಭ. ಕಾಂಟ್ರಾಕ್ಟರ್ ಸಾದಲ್ಲಿ ಎರಡು ಟ್ರನಿಯನ್ನೂ ಟೇಬಲ್‌ನ ಅಡಿಗೆ ತಲೆಕೆಳಗಾಗಿ ನೇತಾಡುತ್ತವೆ. ಮುಂದೊಂದು, ಹಿಂದೊಂದು. ನಡುವೆ ಎರಡು ಸರಳು. ಹಿಂದಿನಿಂದ ಮೋಟರ್‌ನ ಭಾರ ಎಳೆಯುತ್ತಿರುತ್ತದೆ. ಬೋಲ್ಟ್ ರಂಧ್ರಗಳು ಬೋಲ್ಟ್‌ಗಿಂತ ಸ್ವಲ್ಪ ಅಗಲ, ಆ ಸಡಿಲದಲ್ಲೇ ನಾವು ಹೊಂದಿಸಬೇಕು.

ಬ್ರಾಕೆಟ್ ಕೆಲಸ ಮಾಡುವುದು ಹೀಗೆ. ಹಿಂದಿನ ಟ್ರನಿಯನ್ ಬೋಲ್ಟ್ ಬ್ರಾಕೆಟ್‌ನ ರಂಧ್ರದ ಮೂಲಕ ಹಾದು ಟೇಬಲ್‌ಗೆ ಹೋಗುತ್ತದೆ. ಬೋಲ್ಟ್ ಟೇಬಲ್‌ನ ಥ್ರೆಡ್‌ನಲ್ಲಿ ಇರುವುದರಿಂದ ಬ್ರಾಕೆಟ್ ಅತ್ತಿತ್ತ ಹೋಗುವುದಿಲ್ಲ. ಬ್ರಾಕೆಟ್‌ನ ಮಡಚಿದ ಕಡೆಯಿಂದ ಒಂದು ಸ್ಕ್ರೂ ಬಂದು ಟ್ರನಿಯನ್‌ನ ಪಕ್ಕಕ್ಕೆ ಒತ್ತುತ್ತದೆ. ಎಡಕ್ಕೊಂದು, ಬಲಕ್ಕೊಂದು. ಒಂದನ್ನು ಬಿಟ್ಟು ಇನ್ನೊಂದನ್ನು ತಿರುಗಿಸಿದರೆ ಟ್ರನಿಯನ್ ಕೂದಲೆಳೆಯಷ್ಟು ಸರಿಯುತ್ತದೆ. ಕೊನೆಗೆ ಎರಡೂ ಸ್ಕ್ರೂ ತಾಗಿಸಿಟ್ಟರೆ, ಬೋಲ್ಟ್ ಬಿಗಿಯುವಾಗ ಅದು ಹೋಗಲು ಜಾಗವೇ ಇರುವುದಿಲ್ಲ. ಡೆಲ್ಟಾ, ಜೆಟ್, ಕ್ರಾಫ್ಟ್ಸ್‌ಮನ್ ತರಹದ ಸಾಗಳಿಗೆ ಇನ್‌ಲೈನ್ ಇಂಡಸ್ಟ್ರೀಸ್‌ನವರ ಪಾಲ್ಸ್ ಅನ್ನುವ ಕಿಟ್ ಮಾಡುವುದು ಇದನ್ನೇ. ನಾನು ಎಲ್ ಪಟ್ಟಿ ಕತ್ತರಿಸಿ, ಎಂ6 (6 ಮಿ.ಮೀ. ದಪ್ಪದ ಸ್ಕ್ರೂ) ಥ್ರೆಡ್ ಹಾಕಿ ನಾನೇ ಮಾಡಿಕೊಂಡೆ. ಎಂ6 ಸ್ಕ್ರೂ ಒಂದು ಸುತ್ತು ತಿರುಗಿದರೆ 1 ಮಿ.ಮೀ. ಹೋಗುತ್ತದೆ. ಅಂದರೆ ಕಾಲು ಸುತ್ತು ತಿರುಗಿದರೆ 0.25.

ಹಲಗೆಪ್ರಿಯ

ಕೀಸುಳಿ ಅವರು ಹೇಳಿದ ಹಾಗೆ ಮತ್ತೆ ಅಳೆದೆ. ಒಂದೇ ಹಲ್ಲು, ಸ್ಲಾಟ್‌ನ ಒಂದೇ ಗೋಡೆ. ಮೂರು ಸಲ: 0.26, 0.27, 0.26. ಹಿಂದಿನ ತುದಿ ಫೆನ್ಸ್ ಕಡೆಗೇ ಇದೆ. 0.40 ಅಂತ ನಂಬಿ ತಟ್ಟುತ್ತಾ ಇದ್ದೆನಲ್ಲ, ಸರಿ ಮಾಡಿದ್ದನ್ನೂ ನಾನೇ ಕೆಡಿಸಿರಬೇಕು.

ಕೀಸುಳಿ

0.26 ಬಹಳ ಜಾಸ್ತಿ. 0.1ರ ಒಳಗೆ ತರಬೇಕು, 0.05 ಬಂದರೆ ತುಂಬಾ ಒಳ್ಳೆಯದು. ನಿಮ್ಮ ಹಲಗೆ ಯಾಕೆ ಎದ್ದಿತು ಅಂತ ಈಗ ಅರ್ಥವಾಯಿತಲ್ವಾ? ಬ್ಲೇಡ್‌ನ ಮುಂದಿನ ಹಲ್ಲು ಕೆಳಕ್ಕೆ ಇಳಿಯುತ್ತದೆ, ಮರವನ್ನು ಟೇಬಲ್‌ಗೆ ಒತ್ತುತ್ತದೆ. ಹಿಂದಿನ ಹಲ್ಲು ಮೇಲಕ್ಕೆ ಏಳುತ್ತದೆ. ಹಿಂದಿನ ತುದಿ ಫೆನ್ಸ್ ಕಡೆಗೆ ವಾಲಿದ್ದರೆ ಮರ ಅವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಏಳುವ ಹಲ್ಲು ಅದನ್ನು ಎತ್ತಿ ನಿಮ್ಮ ಕಡೆಗೆ ಎಸೆಯುತ್ತದೆ. ಸುಟ್ಟ ಗುರುತು ಮೊದಲೇ ಕೊಟ್ಟ ಎಚ್ಚರಿಕೆ ಅದು. ಸರಿ ಆಗುವವರೆಗೆ ದಯವಿಟ್ಟು ಆ ಸಾದಲ್ಲಿ ಏನನ್ನೂ ಸೀಳಬೇಡಿ.

ಈಗ ಬ್ರಾಕೆಟ್. ಹಿಂದಿನ ಬೋಲ್ಟ್ ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಇಡೀ ಜೋಡಣೆ ಆ ಬೋಲ್ಟ್‌ಗಳಿಂದಲೇ ನೇತಾಡುತ್ತಿದೆ. ಒಂದು ಬಿಚ್ಚಿ, ಬ್ರಾಕೆಟ್ ಕೂರಿಸಿ, ಕೈಬಿಗಿ ಮಾಡಿ. ಆಮೇಲೆ ಇನ್ನೊಂದು. ಮೋಟರ್ ಇಳಿಸಿಕೊಂಡರೆ ಕೈ ಹಾಕಲು ಜಾಗ ಸಿಗುತ್ತದೆ.

ಮುಂದಿನ ಟ್ರನಿಯನ್‌ನ ಎರಡು ಬೋಲ್ಟ್‌ನಲ್ಲಿ ಒಂದನ್ನು ಅರೆಬಿಗಿ ಬಿಡಿ, ಅದು ಕೀಲಿನ ಹಾಗೆ ಕೆಲಸ ಮಾಡುತ್ತದೆ. ಇನ್ನೊಂದನ್ನು ಸಡಿಲಿಸಿ. ಗೇಜನ್ನು ಹಿಂದಿನ ಗುರುತಿನ ಹಲ್ಲಿಗೆ ತಾಗಿಸಿಟ್ಟು, ಅದನ್ನು ನೋಡುತ್ತಲೇ ಸ್ಕ್ರೂ ತಿರುಗಿಸಿ. ಸುಮಾರು ಎಷ್ಟು ಬೇಕು ಅಂತ ಮೊದಲೇ ಅಂದಾಜು ಮಾಡಬಹುದು. ಬ್ಲೇಡ್ ಮೇಲೆ ನೀವು ಅಳೆದ ಎರಡು ಜಾಗದ ನಡುವೆ ಎಷ್ಟು ದೂರ? ಮುಂದಿನ ಬೋಲ್ಟ್‌ನಿಂದ ಹಿಂದಿನ ಬೋಲ್ಟ್‌ಗೆ ಎಷ್ಟು?

ಹಲಗೆಪ್ರಿಯ

ಬ್ಲೇಡ್ ಮೇಲೆ 210 ಮಿ.ಮೀ. ಬೋಲ್ಟ್‌ಗಳ ನಡುವೆ ಸುಮಾರು 400.

ಲೇಥ್‌ಕೋಣೆ

ಹಾಗಾದರೆ 0.26ನ್ನು 400ರಿಂದ ಗುಣಿಸಿ 210ರಿಂದ ಭಾಗಿಸಿ. ಹಿಂದಿನ ಟ್ರನಿಯನ್ ಸುಮಾರು 0.5 ಮಿ.ಮೀ. ಎಡಕ್ಕೆ ಹೋಗಬೇಕು, ಫೆನ್ಸ್‌ನಿಂದ ದೂರಕ್ಕೆ. ಇದು ಅಂದಾಜು ಮಾತ್ರ. ಹಿಂದಿನ ಹಲ್ಲು ಸರಿಯುವಾಗ ಮುಂದಿನದೂ ಸ್ವಲ್ಪ ಸರಿಯುತ್ತದೆ. ಅದಕ್ಕೆ ಪ್ರತಿ ಸಲ ಮುಂದೆ ಹೋಗಿ ಮತ್ತೆ ಸೊನ್ನೆ ಮಾಡಿ ನೋಡಿ. ಕೊನೆಯ ಮಾತು ಡಯಲ್‌ದು.

ಬಿಗಿಯುವಾಗ ಗೇಜ್ ತೆಗೆಯಬೇಡಿ. ಮುಳ್ಳು ನೋಡುತ್ತಾ ಬಿಗಿಯಿರಿ. ಹೊರಳಿದರೆ ನಿಲ್ಲಿಸಿ, ಬಿಟ್ಟು, ಮತ್ತೆ. ತುಂಬಾ ಬಲ ಹಾಕಬೇಡಿ. ಥ್ರೆಡ್ ಇರುವುದು ಎರಕದಲ್ಲಿ, ಅದು ಒಮ್ಮೆ ಕಿತ್ತುಬಂದರೆ ದೊಡ್ಡ ತಲೆನೋವು.

ಹಲಗೆಪ್ರಿಯ

ಇವತ್ತು ಕೂತು ಮಾಡಿದೆ. ಬ್ರಾಕೆಟ್ ಹಾಕುವುದಕ್ಕಿಂತ ಅಲ್ಲಿಗೆ ಅಲೆನ್ ಕೀ ಮುಟ್ಟಿಸುವುದೇ ಕಷ್ಟ. ಉದ್ದ ಹಿಡಿಯ ಟಿ ಕೀ ಇದ್ದರೆ ಮಾತ್ರ ಸಾಧ್ಯ, ಮಾಡುವವರು ಇದನ್ನು ಮೊದಲೇ ಹೊಂದಿಸಿಕೊಳ್ಳಿ.

ಚಪ್ಪಟೆ ವಾಷರ್ ಹಾಕಿದೆ, ಎಣ್ಣೆ ಬಿಟ್ಟೆ. ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದೆ. 0.26 ಇದ್ದದ್ದು 0.15, ಆಮೇಲೆ 0.07, ಆಮೇಲೆ 0.03. ಬೋಲ್ಟ್ ಬಿಗಿದೆ. ಮುಳ್ಳು ಅಲುಗಲಿಲ್ಲ! ಎರಡು ಭಾನುವಾರ ಒದ್ದಾಡಿದ್ದು ಒಂದು ಗಂಟೆಯಲ್ಲಿ ಆಯಿತು. ಖುಷಿ ತಡೆಯಲಾಗದೆ ಮನೆಯವರನ್ನೆಲ್ಲ ಕರೆದು ಆ ಮುಳ್ಳು ತೋರಿಸಿದೆ.

ಕೀಸುಳಿ

ಬಹಳ ಸಂತೋಷ. ಆದರೆ ಮೋಟರ್ ಇಳಿಸಿ ಅಳೆದಿರಾ? ಹಾಗಾದರೆ ಅದನ್ನು ಮತ್ತೆ ಏರಿಸಿ, ಬೆಲ್ಟ್ ಹಾಕಿ, ಇನ್ನೊಮ್ಮೆ ಅಳೆಯಿರಿ. ಆ ಭಾರ ಬಂದಾಗ ಲೆಕ್ಕ ಬದಲಾಗಬಹುದು. ಬ್ಲೇಡನ್ನು 45 ಡಿಗ್ರಿಗೆ ಬಾಗಿಸಿ ಮತ್ತೆ 90ಕ್ಕೆ ತಂದು ಕೂಡ ನೋಡಿ. ಹೋಗಿ ಬಂದರೂ ಅದೇ ಸಂಖ್ಯೆ ಇರಬೇಕು.

ಹಲಗೆಪ್ರಿಯ

ಮೋಟರ್ ಹಾಕಿದ ಮೇಲೆ 0.05. ಸ್ಕ್ರೂ ಒಂದಿಷ್ಟು ಮುಟ್ಟಿ 0.03ಕ್ಕೆ ತಂದೆ. ಆದರೆ ಹೊಸ ತೊಂದರೆ ಎರಡು ಬಂದಿವೆ. ಒಂದು, ಬಾಗಿಸುವ ಚಕ್ರ ಮೊದಲಿಗಿಂತ ಬಿಗಿಯಾಗಿದೆ. ಎರಡು, 45ರಲ್ಲಿ ಅಳೆದರೆ 180 ಮಿ.ಮೀ. ದೂರಕ್ಕೆ 0.18 ಸೊಟ್ಟ ತೋರಿಸುತ್ತಿದೆ. 90ರಲ್ಲಿ ಸರಿ ಇದ್ದದ್ದು 45ರಲ್ಲಿ ಹೇಗೆ ತಪ್ಪುತ್ತದೆ?

ಮರದಹೊಟ್ಟು

ನನ್ನದರಲ್ಲೂ ಇದೇ ಕಥೆ. 45ರಲ್ಲಿ ಕೊಯ್ದರೆ ಮಾತ್ರ ಸುಡುತ್ತದೆ. ಬ್ಲೇಡ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಎರಡು ಬ್ಲೇಡ್ ಬದಲಾಯಿಸಿದೆ.

ಲೇಥ್‌ಕೋಣೆ

ಚಕ್ರದ ಮಾತು ಮೊದಲು. ಹಿಂದಿನ ಟ್ರನಿಯನ್ ಒಂದನ್ನೇ ಸರಿಸಿದಾಗ ಅದು ಮುಂದಿನದರ ನೇರಕ್ಕೆ ಇರುವುದಿಲ್ಲ, ನಡುವಿನ ಸರಳು ತಿರುಚಿಕೊಳ್ಳುತ್ತದೆ. ಮುಂದಿನ ಎರಡು ಬೋಲ್ಟನ್ನೂ ಬೀಳದಷ್ಟು ಮಾತ್ರ ಸಡಿಲಿಸಿ, ಬಾಗಿಸುವ ಚಕ್ರವನ್ನು ಆ ತುದಿಯಿಂದ ಈ ತುದಿಗೆ ಎರಡು ಮೂರು ಸಲ ಓಡಿಸಿ. ಮುಂದಿನದು ತಾನಾಗಿ ತನ್ನ ಜಾಗಕ್ಕೆ ಕೂರುತ್ತದೆ. ಮತ್ತೆ ಬಿಗಿದು ಅಳೆಯಿರಿ. ಬ್ಲೇಡ್ ಬಾಗಿಸುವ ಹಲ್ಲುಪಟ್ಟಿಯಲ್ಲಿ ಹೊಟ್ಟು ಮೆತ್ತಿಕೊಂಡಿದ್ದರೆ ತಂತಿ ಬ್ರಷ್‌ನಿಂದ ತೆಗೆದು ಮೇಣ ಸವರಿ. ಎಣ್ಣೆ ಗ್ರೀಸ್ ಬೇಡ, ಹೊಟ್ಟು ಅಂಟಿ ಗಟ್ಟಿಯಾಗುತ್ತದೆ.

ಇನ್ನು 45. ಇದನ್ನು ಬ್ರಾಕೆಟ್ ಸರಿ ಮಾಡುವುದಿಲ್ಲ. ಬ್ರಾಕೆಟ್ ತಳ್ಳುವುದು ಎಡ ಬಲಕ್ಕೆ. ಇಲ್ಲಿ ತಪ್ಪಿರುವುದು ಮೇಲೆ ಕೆಳಗೆ.

ಒಂದು ಪುಸ್ತಕದ ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಒಂದು ಹಾಳೆ ಮಾತ್ರ ಬಾಗಿಸುತ್ತೀರಿ ಅಂದುಕೊಳ್ಳಿ. ಬೆನ್ನು ಮೇಜಿಗೆ ಸಮವಾಗಿ ಮಲಗಿದ್ದರೆ, ಹಾಳೆ ಎಷ್ಟು ಬಾಗಿದರೂ ಅದು ಮೇಜನ್ನು ಮುಟ್ಟುವ ಗೆರೆ ಅದೇ ದಿಕ್ಕಿಗೆ ಇರುತ್ತದೆ. ಬೆನ್ನಿನ ಒಂದು ತುದಿ ಎದ್ದಿದ್ದರೆ, ಹಾಳೆ ಬಾಗಿದಷ್ಟೂ ಆ ಗೆರೆ ಓರೆಯಾಗುತ್ತದೆ. ಹಾಳೆ ನೇರ ನಿಂತಾಗ ಮಾತ್ರ ಈ ತಪ್ಪು ಕಾಣುವುದಿಲ್ಲ. ಬ್ಲೇಡ್ ಬಾಗುವ ಅಚ್ಚು ಟೇಬಲ್‌ಗೆ ಸಮವಾಗಿಲ್ಲ ಅಂದರೆ ಹೀಗೇ ಆಗುತ್ತದೆ. ಅದಕ್ಕೇ 90ರಲ್ಲಿ ಎಲ್ಲ ಚೆನ್ನಾಗಿ ತೋರಿಸಿ 45ರಲ್ಲಿ ಕೈಕೊಡುತ್ತದೆ.

ಪರಿಹಾರ ಅಂದರೆ ಒಂದು ಟ್ರನಿಯನ್ ಮತ್ತು ಟೇಬಲ್ ನಡುವೆ ಶಿಮ್, ಅಂದರೆ ತೆಳು ಲೋಹದ ಹಾಳೆಯ ತುಂಡು. 45ರಲ್ಲಿ ಲೆಕ್ಕ ಸುಲಭ. ಎಷ್ಟು ಓರೆಯೋ ಅಷ್ಟೇ ಓರೆ ಅಚ್ಚಿನಲ್ಲಿದೆ. 180ಕ್ಕೆ 0.18 ಅಂದರೆ 400ಕ್ಕೆ 0.4. ಸುಮಾರು 0.4 ಮಿ.ಮೀ. ಶಿಮ್ ಬೇಕು. ಈ ಲೆಕ್ಕ ಕೂಡಬೇಕಾದರೆ ಗೇಜ್ ಮೂತಿ ಟೇಬಲ್‌ಗೆ ಸಮವಾಗಿ ಮಲಗಿರಬೇಕು, ಬಾಗಿದ ಬ್ಲೇಡ್‌ಗೆ ಲಂಬವಾಗಿ ಅಲ್ಲ.

ಒಂದೇ ಟ್ರನಿಯನ್‌ನ ಎರಡು ಬೋಲ್ಟ್‌ಗೂ ಒಂದೇ ದಪ್ಪ ಹಾಕಿ. ಮೊದಲು ಹಿಂದಿನದಕ್ಕೆ ಹಾಕಿ ಅಳೆಯಿರಿ. ತಪ್ಪು ಕಮ್ಮಿ ಆಗುವ ಬದಲು ಜಾಸ್ತಿ ಆದರೆ ತೆಗೆದು ಮುಂದಿನದಕ್ಕೆ ಹಾಕಿ.

ಬಾಚಿಉಳಿ

ಶಿಮ್‌ಗೆ ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿ ಕತ್ತರಿಸಿ ಬಳಸಬಹುದು. ಗೋಡೆ ಸುಮಾರು 0.1 ಮಿ.ಮೀ. ಅಂಚು ಚೂಪು, ಕೈ ಜೋಪಾನ. ನಾಲ್ಕು ಪದರಕ್ಕಿಂತ ಒಂದೇ ದಪ್ಪದ ಹಿತ್ತಾಳೆ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ಕಾಗದ, ರಟ್ಟು ಬೇಡ, ದಿನ ಕಳೆದ ಹಾಗೆ ಅಮುಕಿಕೊಳ್ಳುತ್ತದೆ.

ಬ್ರಾಕೆಟ್ ಬಗ್ಗೆ ನನ್ನ ಮೊದಲಿನ ಮಾತು ಸ್ವಲ್ಪ ಬದಲಿಸುತ್ತೇನೆ. ಶಿಮ್ ಹಾಕುವಾಗ ಬೋಲ್ಟ್ ಮತ್ತೆ ಸಡಿಲಿಸಲೇಬೇಕು, ಆಗ 90ರ ಹೊಂದಿಕೆಯೂ ಹೋಗುತ್ತದೆ. ನಾನು ಶಿಮ್ ಹಾಕಿದಾಗ ಪ್ರತಿ ಸಲ ಮೊದಲಿನಿಂದ ತಟ್ಟಬೇಕಾಯಿತು. ಸ್ಕ್ರೂ ಇದ್ದಿದ್ದರೆ ಹಿಂದಿನ ಜಾಗಕ್ಕೆ ಬೇಗ ಬರುತ್ತಿತ್ತು.

ಹಲಗೆಪ್ರಿಯ

ಹಿಂದೆ ಹಾಕಿದೆ, 0.18 ಹೋಗಿ 0.35 ಆಯಿತು. ತೆಗೆದು ಮುಂದೆ ಹಾಕಿದೆ. ಈಗ 45ರಲ್ಲಿ 0.04. 90ಕ್ಕೆ ತಂದು ಸ್ಕ್ರೂನಿಂದ ಮತ್ತೆ ಹೊಂದಿಸಿದೆ, 0.03. ಚಕ್ರವೂ ಹಗುರಾಗಿದೆ. ಬೀದಿಯಲ್ಲಿ ಹೋಗುವವರನ್ನೂ ಕರೆದು ತೋರಿಸೋಣ ಅನ್ನಿಸುತ್ತಿದೆ.

ಕೀಸುಳಿ

ಇನ್ನು ಫೆನ್ಸ್. ಅದನ್ನು ಬ್ಲೇಡ್ ನೋಡಿ ಹೊಂದಿಸಬೇಡಿ, ಮೈಟರ್ ಸ್ಲಾಟ್ ನೋಡಿ ಹೊಂದಿಸಿ. ಬ್ಲೇಡ್ ಸ್ಲಾಟ್‌ಗೆ ಸಮ, ಫೆನ್ಸ್ ಸ್ಲಾಟ್‌ಗೆ ಸಮ, ಆಗ ಅವೆರಡೂ ತಾವಾಗಿ ಸಮ. ಅದಕ್ಕೇ ಬ್ಲೇಡ್ ಮೊದಲು, ಫೆನ್ಸ್ ಆಮೇಲೆ. ಹಿಂದಿನ ತುದಿ ಬ್ಲೇಡ್‌ನಿಂದ 0.05ರಷ್ಟು ಹೊರಗೆ ಹೋಗುವಂತೆ ಇಡುವುದು ನನ್ನ ಅಭ್ಯಾಸ. ಪೂರ್ತಿ ಸಮ ಇಡುವವರೂ ಇದ್ದಾರೆ, ಅದೂ ಸರಿ. ಒಳಗೆ ಮಾತ್ರ ಬರಲೇಬಾರದು.

ಆಮೇಲೆ ಬ್ಲೇಡ್ 90, 45ರಲ್ಲಿ ನಿಲ್ಲುವಂತೆ ತಡೆಯುವ ಸ್ಕ್ರೂಗಳನ್ನು ಮೂಲೆಮಟ್ಟ ಇಟ್ಟು ನೋಡಿ. ಶಿಮ್ ಹಾಕಿದ್ದರಿಂದ ಸ್ವಲ್ಪ ಬದಲಾಗಿರಬಹುದು.

ಹಲಗೆಪ್ರಿಯ

ಎಲ್ಲ ಆಯಿತು. ಗಟ್ಟಿ ಮರದ ಹಲಗೆ ಸೀಳಿದೆ. ಫೆನ್ಸ್ ಕಡೆಯ ಅಂಚು ಸ್ವಚ್ಛ. ಆದರೆ ಹಲಗೆಯ ಕೊನೆಯ ಅರ್ಧದಲ್ಲಿ ತಳ್ಳಲು ಜಾಸ್ತಿ ಬಲ ಬೇಕಾಯಿತು. ಯಾವುದೋ ತಡೆಯುತ್ತಿರುವ ಹಾಗೆ.

ಲೇಥ್‌ಕೋಣೆ

ಸ್ಪ್ಲಿಟ್ಟರ್ (ಬ್ಲೇಡ್ ಹಿಂದೆ ಸೀಳಿನೊಳಗೆ ನಿಲ್ಲುವ ತೆಳು ಪಟ್ಟಿ) ನೋಡಿದಿರಾ? ಬಹಳ ಕಾಂಟ್ರಾಕ್ಟರ್ ಸಾಗಳಲ್ಲಿ ಅದು ಹಿಂದಿನ ಟ್ರನಿಯನ್‌ಗೇ ಕೂತಿರುತ್ತದೆ, ಅದರ ಜೊತೆ ಬಾಗುತ್ತದೆ. ಟ್ರನಿಯನ್ ಎಡಕ್ಕೆ ಸರಿಸಿದಾಗ ಅದೂ ಜೊತೆಗೆ ಹೋಗಿದೆ. ಪ್ಲಗ್ ಕಿತ್ತು, ಉದ್ದನೆಯ ನೇರ ಪಟ್ಟಿಯನ್ನು ಬ್ಲೇಡ್‌ನ ಹಲ್ಲು ತಪ್ಪಿಸಿ ಮೈಗೆ ಒತ್ತಿ, ಸ್ಪ್ಲಿಟ್ಟರ್‌ವರೆಗೆ ಚಾಚಿ ನೋಡಿ. ಎರಡೂ ಪಕ್ಕದಿಂದ ನೋಡಿ. ಅದು ಬ್ಲೇಡ್ ಕೊಯ್ದ ಸೀಳಿನ ನಡುವೆ ಬರಬೇಕು. ಅಡ್ಡ ಬರುತ್ತದೆ ಅಂತ ತೆಗೆದಿಟ್ಟು ಮಾತ್ರ ಕೆಲಸ ಮಾಡಬೇಡಿ. ಹಿಂದಿನ ಹಲ್ಲಿಗೆ ಮರ ಮುಚ್ಚಿಕೊಳ್ಳದಂತೆ ಕಾಯುವುದು ಅದೇ.

ಹಲಗೆಪ್ರಿಯ

ನೀವು ಹೇಳಿದ್ದೇ ಸರಿ. ಸ್ಪ್ಲಿಟ್ಟರ್ ಎಡಕ್ಕೆ ಅರ್ಧ ಮಿ.ಮೀ. ಹೋಗಿತ್ತು. ಅದರ ಕಾಲಿನ ವಾಷರ್ ಒಂದನ್ನು ಎಡಗಡೆಯಿಂದ ತೆಗೆದು ತೆಳುವಾದದ್ದು ಹಾಕಿ, ಉಳಿದದ್ದು ಬಲಗಡೆಗೆ ಸೇರಿಸಲು ಹೋದೆ. ಆಮೇಲೆ ನೋಡಿದರೆ ನಾನು ಉಲ್ಟಾ ಹಾಕಿದ್ದೆ, ಇನ್ನೂ ಎಡಕ್ಕೆ ಹೋಯಿತು. ಅದಲು ಬದಲು ಮಾಡಿದ ಮೇಲೆ ಪಟ್ಟಿ ಎರಡೂ ಕಡೆ ಒಂದೇ ರೀತಿ ಕೂರುತ್ತಿದೆ. ಅದೇ ಹಲಗೆಯ ಉಳಿದ ಭಾಗ ಸೀಳಿದೆ, ಕೊನೆಯವರೆಗೂ ಒಂದೇ ಬಲದಲ್ಲಿ ಹೋಯಿತು. ಸ್ವಿಚ್ ಹಾಕುವಾಗ ಈ ಸಲ ಕೈ ಹಿಂಜರಿಯಲಿಲ್ಲ.

ಮರದಹೊಟ್ಟು

ನಾನೂ ಹಲ್ಲಿಗೆ ಗುರುತು ಹಾಕಿ, ಹಿತ್ತಾಳೆ ಸ್ಕ್ರೂ ಇಟ್ಟು ನೋಡಿದೆ. 90ರಲ್ಲಿ ಒಂದು ಹಾಳೆಯೂ ತೂರುವುದಿಲ್ಲ. 45ರಲ್ಲಿ ಮೂರು ಹಾಳೆ ಸಲೀಸಾಗಿ ತೂರುತ್ತವೆ. ಅಂದರೆ ನನಗೆ ಬ್ರಾಕೆಟ್ ಬೇಡ, ಶಿಮ್ ಸಾಕು, ಅಲ್ವಾ?

ಕೀಸುಳಿ

ಹೌದು, ಶಿಮ್‌ನಿಂದಲೇ ಶುರು ಮಾಡಿ. ಬ್ಲೇಡ್ ಮೇಲೆ ಎಷ್ಟು ದೂರಕ್ಕೆ ಆ ಮೂರು ಹಾಳೆ, ಬೋಲ್ಟ್‌ಗಳ ನಡುವೆ ಎಷ್ಟು, ಎರಡೂ ಅಳೆದು ಇಲ್ಲಿ ಹಾಕಿ. ದಪ್ಪ ಲೆಕ್ಕ ಹಾಕೋಣ.